ಹೆಂಡತಿಯ ಎದೆಯುರಿ, ಗಂಡನ ಕಷಾಯ

ಹೆಂಡತಿಯ ಎದೆಯುರಿಯನ್ನು ಒಂದೇ ವಾರದಲ್ಲಿ ಆರಿಸಿ ತೋರಿಸುತ್ತೇನೆಂದು ಚನ್ನಕೇಶವ ಶಪಥ ಮಾಡಿದ್ದು ಬೇರೆ ಯಾರ ಮುಂದೆಯೂ ಅಲ್ಲ, ಸಾಕ್ಷಾತ್ ಹೆಣ್ಣು ಕೊಟ್ಟ ಮಾವನ ಮುಂದೆ. ಎಂಬತ್ತೇಳನೇ ಇಸವಿಯ ಮಾತು. ಅವನು ಆಗ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತ. ಕೂತಲ್ಲಿ ಕೂರುವ ಆಸಾಮಿಯಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಮೇಲೆತ್ತಿಕೊಂಡು, ಯಾರಾದರೂ ಕರೆದರೆ ಎದ್ದೋಡಲು ಸಿದ್ಧನಾಗಿಯೇ ಕೂರುತ್ತಿದ್ದ. ಅಂಥವನ ಹೆಂಡತಿ ಗಂಗುಲಮ್ಮ ಮದುವೆಯಾಗಿ ಆರು ವರ್ಷದ ಮೇಲೆ ಮೊದಲ ಸಲ ಬಸುರಾದಳು. ಅಂದಿನಿಂದ ಅವನ ಕಾಲುಗಳಿಗೆ ನೆಲದ ಮೇಲೆ ನಿಲ್ಲುವುದೇ ಮರೆತುಹೋಯಿತು.

ಮೊದಲ ಮೂರು ತಿಂಗಳು ವಾಂತಿ. ಅದು ನಿಂತಿತು ಅನ್ನುವಾಗ ಬೇರೆ ಪಾಳಿ ಶುರುವಾಯಿತು. ಮುದ್ದೆ ಉಂಡರೆ ಎದೆಯುರಿ, ಅನ್ನ ಉಂಡರೆ ಹೊಟ್ಟೆಯುಬ್ಬರ, ಏನೂ ಉಣ್ಣದಿದ್ದರೆ ಹುಳಿತೇಗು. ಬೆಳಗಿನ ಹೊತ್ತು ಹಿತ್ತಲಿಗೆ ಹೋದವಳು ಅರ್ಧ ಗಂಟೆ ಬಿಟ್ಟು, ರಜೆಯ ದಿನ ಆಫೀಸಿಗೆ ಹೋಗಿಬಂದವರ ಮುಖ ಹೊತ್ತು ವಾಪಸು ಬರುತ್ತಿದ್ದಳು.

ಒಂದು ಭಾನುವಾರ ಜಂಗಮಕೋಟೆಯಿಂದ ಮಾವ ಮುನಿನಾರಾಯಣಪ್ಪ ಬಂದರು. ಗೋಡೆಗೊರಗಿ ಎದೆ ನೀವಿಕೊಳ್ಳುತ್ತ ಕೂತಿದ್ದ ಮಗಳನ್ನು ನೋಡಿದವರು ಕೈಚೀಲವನ್ನೂ ಕೆಳಗಿಡಲಿಲ್ಲ.

“ಏನಳಿಯಂದ್ರೆ, ಐದು ತಿಂಗಳಿಗೇ ಹುಡುಗಿ ಹಿಂಗೆ ಒಣಗವಳೆ? ಏಳಕ್ಕೆ ಕರ್ಕೊಂಡೋಗೋದನ್ನ ಈಗ್ಲೇ ಕರ್ಕೊಂಡೋಗ್ತೀನಿ. ಅವರಮ್ಮ ನೋಡ್ಕೋತಾಳೆ.”

ಚನ್ನಕೇಶವನಿಗೆ ಇದು ತನ್ನ ಗಂಡಸ್ತನಕ್ಕೂ ಗುಮಾಸ್ತಗಿರಿಗೂ ಒಟ್ಟಿಗೇ ಬಿದ್ದ ಏಟಿನಂತೆ ಕಂಡಿತು.

“ಮಾವ, ದಿನಾ ಸಾವಿರಾರು ಕೇಜಿ ಗೂಡು ತೂಗೋ ಕೈ ಇದು. ಮನೇಲಿರೋ ಒಂದು ಹೊಟ್ಟೇನ ತೂಗಿಸಕ್ಕಾಗಲ್ವಾ? ಒಂದೇ ಒಂದು ವಾರ ಬಿಡಿ. ಇವಳ ಎದೇಲಿ ಉರಿ ಇರಲಿ, ಹೊಗೇನೂ ಇರಲ್ಲ.”

ಮಾವ ಮಗಳ ಮುಖ ನೋಡಿದರು. ಗಂಗುಲಮ್ಮ ಒಂದು ತೇಗನ್ನು ಸೆರಗಿನಲ್ಲೇ ಅಡಗಿಸಿ, “ನೀನು ಹೋಗಪ್ಪ. ನಾನೀಗ ಬಂದ್ರೆ ಇವರು ದಿನಕ್ಕೆರಡು ಸಲ ಜಂಗಮಕೋಟೆ ಬಸ್ ಹತ್ತುತಾರೆ. ನಿಮಗೇ ಕಷ್ಟ” ಎಂದಳು.

ಹಾಗೆ ನೋಡಿದರೆ ಔಷಧಿ ಮೊದಲೇ ಸಿಕ್ಕಿತ್ತು. ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರು ಹಿಂದಿನ ಸಲವೇ ಗಂಗುಲಮ್ಮನನ್ನು ಕೂರಿಸಿಕೊಂಡು ಹೇಳಿದ್ದರು: “ಒಂದೇ ಸಲ ಹೊಟ್ಟೆ ತುಂಬ ತಿನ್ನಬೇಡಿ. ಸ್ವಲ್ಪ ಸ್ವಲ್ಪ, ಐದಾರು ಸಲ ತಿನ್ನಿ. ಖಾರ, ಕರಿದಿದ್ದು ಕಮ್ಮಿ ಮಾಡಿ. ಸೊಪ್ಪು, ಹಣ್ಣು, ನೀರು ಜಾಸ್ತಿ ಇರಲಿ. ತಿಂದ ತಕ್ಷಣ ಮಲಗಬೇಡಿ, ನಾಲ್ಕು ಹೆಜ್ಜೆ ಓಡಾಡಿ. ನನ್ನ ಕೇಳದೆ ಯಾವ ಔಷಧೀನೂ ಬಾಯಿಗೆ ಹಾಕಬೇಡಿ.”

ಗಂಗುಲಮ್ಮ ತಲೆಯಾಡಿಸಿದ್ದಳು. ಚನ್ನಕೇಶವನಿಗೆ ಮಾತ್ರ ನಿರಾಸೆಯಾಗಿತ್ತು. ಬೀದಿಗೆ ಬಂದವನೇ, “ಇಷ್ಟು ಹೇಳಕ್ಕೆ ಅಷ್ಟೊಂದು ವರ್ಷ ಓದಬೇಕಾ? ನಮ್ಮ ಮಾರ್ಕೆಟ್ ವಾಚ್‌ಮನ್ನೂ ಹೇಳ್ತಾನೆ ಇದನ್ನ” ಅಂದಿದ್ದ. ಕಾಯಿಲೆ ಇಷ್ಟು ದೊಡ್ಡದಿರುವಾಗ ಮದ್ದು ಇಷ್ಟು ಸಣ್ಣದಿದ್ದರೆ ಅವನ ಲೆಕ್ಕದ ತಕ್ಕಡಿ ಏಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನ ಆಡಳಿತ ಜಾರಿಗೆ ಬಂತು. ಖಾರದ ಪುಡಿ ಡಬ್ಬ ಅಟ್ಟ ಸೇರಿತು. ಹುಣಸೆಹಣ್ಣಿನ ಭರಣಿ ಅದರ ಹಿಂದೆಯೇ ಹೋಯಿತು. ಅವನೇ ನಿಂತು ಮಾಡಿದ ಗಂಜಿಗೆ ಉಪ್ಪೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಗಂಗುಲಮ್ಮ ಎರಡು ಗುಟುಕು ಕುಡಿದು, “ಇದು ಗೋಡೆಗೆ ಹಚ್ಚೋದಾ, ಕುಡಿಯೋದಾ?” ಎಂದು ಕೇಳಿದಳು.

ಮಂಗಳವಾರ ಮಂಚದ ಸರದಿ. ತಲೆಯ ಕಡೆ ಸ್ವಲ್ಪ ಎತ್ತರವಿದ್ದರೆ ಹುಳಿ ಮೇಲಕ್ಕೆ ಬರುವುದಿಲ್ಲವೆಂದು ಯಾರೋ ಹೇಳಿದ್ದರು. ಕಾಲಿಗೊಂದು ಇಟ್ಟಿಗೆ ಸಾಕಿತ್ತು. ಚನ್ನಕೇಶವ ನಾಲ್ಕು ನಾಲ್ಕು ಇಟ್ಟ. ಬೆಳಗಾಗುವ ಹೊತ್ತಿಗೆ ಗಂಗುಲಮ್ಮ ಜಾರಿ ಜಾರಿ, ಮಂಚದ ಕಾಲ್ದೆಸೆಯಲ್ಲಿ ಮಡಿಸಿಟ್ಟ ಕಂಬಳಿಯ ಹಾಗೆ ಮುದುಡಿಕೊಂಡಿದ್ದಳು.

ಬುಧವಾರ ನಡಿಗೆ. ಊಟವಾದ ಮೇಲೆ ಅವಳು ಅಂಗಳದಲ್ಲಿ ಮೆಲ್ಲಗೆ ಓಡಾಡುತ್ತಿದ್ದರೆ ಇವನು ಹಿಂದಿನಿಂದ ಸುತ್ತು ಎಣಿಸುತ್ತ, “ಹನ್ನೊಂದು... ಹೆಂಗಿದೆ ಈಗ? ಹನ್ನೆರಡು... ಉರಿ ಇದೆಯಾ?” ಎನ್ನುತ್ತಿದ್ದ.

ಹದಿಮೂರಕ್ಕೆ ಅವಳು ನಿಂತುಬಿಟ್ಟಳು. “ನೀವು ಹಿಂಗೆ ಬೆನ್ನಟ್ಟಿದ್ರೆ ತಿಂದಿದ್ದು ಕೆಳಗಿಳಿಯಲ್ಲ ಕಣ್ರೀ. ಗಾಬರಿಯಾಗಿ ಮೇಲಕ್ಕೇ ಬರುತ್ತೆ.”

ಅಷ್ಟಕ್ಕೆ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಶುಕ್ರವಾರ ಅವನು ತನ್ನ ಕಷ್ಟವನ್ನು ಪಕ್ಕದ ಮೇಜಿನ ಕೋನಪ್ಪನ ಮುಂದೆ ತೋಡಿಕೊಂಡ. ಕೋನಪ್ಪನ ಹತ್ತಿರ ಲೋಕದ ಸಕಲ ಕಾಯಿಲೆಗೂ ಒಬ್ಬ ಅಜ್ಜಿಯಿದ್ದಳು.

“ಗ್ಯಾಸು, ಉರಿ, ಮಲಬದ್ಧತೆ, ಎಲ್ಲಕ್ಕೂ ಒಂದೇ ಕಷಾಯ ಕಣಯ್ಯ. ಸೋನಾಮುಖಿ ಎಲೆ, ಅಳಲೆಕಾಯಿ, ಒಣದ್ರಾಕ್ಷಿ, ಮೇಲಷ್ಟು ಹರಳೆಣ್ಣೆ. ನಮ್ಮೂರಲ್ಲಿ ಹೊಟ್ಟೆ ಉಬ್ಬಿದ ಎತ್ತಿಗೂ ಇದನ್ನೇ ಹುಯ್ತೀವಿ. ಬಿದ್ದ ಎತ್ತು ಎದ್ದು ನಿಂತ್ಕೋತದೆ.”

“ಎಷ್ಟು ಕುಡೀಬೇಕು?”

ಕೋನಪ್ಪ ಅಳತೆ ಹೇಳುತ್ತಿರುವಾಗಲೇ ಹರಾಜಿನ ಗಂಟೆ ಹೊಡೆಯಿತು. ಮಾರುಕಟ್ಟೆ ಜೇನುಗೂಡಿನಂತೆ ಮೊರೆಯತೊಡಗಿತು. ಚನ್ನಕೇಶವನಿಗೆ ಕೋನಪ್ಪನ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಕೇಳಿಸದಿದ್ದುದನ್ನು ಇನ್ನೊಮ್ಮೆ ಕೇಳುವ ತಾಳ್ಮೆ ಅವನಿಗೆ ಹುಟ್ಟಿನಿಂದ ಇರಲಿಲ್ಲ. ಅವತ್ತು ಸಂಜೆಯೇ ಗ್ರಂಧಿಗೆ ಅಂಗಡಿಗೆ ಹೋಗಿ ಸಾಮಾನು ತಂದ.

ಶನಿವಾರ ಬೆಳಿಗ್ಗೆ ಡಾಕ್ಟರಿಗೆ ತೋರಿಸುವ ದಿನ. ಎದ್ದವನೇ ಕಷಾಯ ಕುದಿಸಿ, ದೊಡ್ಡ ಲೋಟದ ತುಂಬ ಹುಯ್ದು ಹೆಂಡತಿಯ ಮುಂದೆ ಹಿಡಿದ. ಕಪ್ಪು ನೀರಿನ ಮೇಲೆ ಎಣ್ಣೆ ಕಣ್ಣು ಬಿಟ್ಟುಕೊಂಡು ತೇಲುತ್ತಿತ್ತು.

“ಇದನ್ನ ಕುಡಿದುಬಿಡು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಬೆರಗಾಗ್ಬೇಕು.”

“ಡಾಕ್ಟರಮ್ಮನ್ನ ಕೇಳದೆ ಒಂದು ತೊಟ್ಟೂ ಮುಟ್ಟಲ್ಲ ನಾನು.”

“ಕೋನಪ್ಪನ ಅಜ್ಜಿ ತೊಂಬತ್ತು ವರ್ಷ ಬದುಕಿದ್ರು ಕಣೇ.”

“ಅವರೇ ಕುಡಿದು ಬದುಕಿದ್ರಾ, ಬೇರೆಯವರಿಗೆ ಕುಡಿಸಿ ಬದುಕಿದ್ರಾ?” ಗಂಗುಲಮ್ಮ ಲೋಟವನ್ನು ಒಂದು ಬೆರಳಿನಿಂದ ಅವನ ಕಡೆಗೇ ತಳ್ಳಿದಳು. “ಅಷ್ಟೊಂದು ನಂಬಿಕೆ ಇದ್ರೆ ನೀವೇ ಕುಡೀರಿ. ನಿಮ್ಮ ಹೊಟ್ಟೇಲಿ ಮಗು ಇಲ್ವಲ್ಲ.”

ಸವಾಲೆಂದರೆ ಸವಾಲು. ಚನ್ನಕೇಶವ ಮೂಗು ಹಿಡಿದು ಅರ್ಧ ಲೋಟ ಇಳಿಸಿದ. ಸ್ನಾನ ಮಾಡಿದ, ಬಟ್ಟೆ ಹಾಕಿಕೊಂಡ, ಎರಡು ಇಡ್ಲಿ ತಿಂದ. ಏನೂ ಆಗಲಿಲ್ಲ. “ನೋಡಿದ್ಯಾ, ಬಾವಿ ನೀರು ಕುಡಿದಂಗಿದೆ” ಎಂದು ಉಳಿದ ಅರ್ಧವನ್ನೂ ಅವಳ ಕಣ್ಣೆದುರೇ ಮುಗಿಸಿ, ವಿಜಯಿಯಾಗಿ ಲೋಟವನ್ನು ಬೋರಲು ಹಾಕಿದ. ಆಮೇಲೆ ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು.

ಚಿಕ್ಕಬಳ್ಳಾಪುರದ ಪ್ರೈವೇಟ್ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಕಂಡಕ್ಟರ್ ದಸ್ತಗಿರ್ ಬಸುರಿ ಹೆಂಗಸನ್ನು ಕಂಡು ಮುಂದಿನ ಸೀಟು ಬಿಡಿಸಿಕೊಟ್ಟ. ಪಕ್ಕದಲ್ಲಿ ಮುನಿಗಂಗಮ್ಮ ಎಂಬ ಮುದುಕಿ, ತೊಡೆಯ ಮೇಲೊಂದು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಚನ್ನಕೇಶವ ಕಂಬಿ ಹಿಡಿದು ನಿಂತ. ಬಸ್ಸಿನ ತುಂಬ ಅವನನ್ನು ಬಲ್ಲ ರೈತರು. “ತೂಕದ ಸಾರು ಬಂದ್ರು” ಎಂದು ನಮಸ್ಕಾರ ಹಾಕಿದರು. ಅವನು ಗತ್ತಿನಿಂದ ತಲೆಬಾಗಿಸಿದ.

ಊರು ದಾಟಿ ಹಿಪ್ಪುನೇರಳೆ ತೋಟಗಳು ಶುರುವಾದವು. ಎಲ್ಲೋ ದೂರದಲ್ಲಿ ಗುಡುಗಿದಂತಾಯಿತು. ಚನ್ನಕೇಶವ ಬಗ್ಗಿ ಕಿಟಕಿಯಿಂದ ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ. ಎರಡನೇ ಸಲ ಗುಡುಗಿದಾಗ ಅದು ಎಲ್ಲಿಂದ ಬಂತೆಂದು ಅವನಿಗೆ ಅರ್ಥವಾಯಿತು.

ಅವನು ಬಲಗಾಲಿನ ಮೇಲೆ ನಿಂತ. ಎಡಗಾಲಿನ ಮೇಲೆ ನಿಂತ. ಎರಡನ್ನೂ ಹೆಣೆದುಕೊಂಡು ನಿಂತ. ರಸ್ತೆಯ ಮರಗಳನ್ನು ಎಣಿಸಿದ, ಮಗ್ಗಿ ಹೇಳಿಕೊಂಡ, ಕೈವಾರದ ಕಡೆ ತಿರುಗಿ ಅಲ್ಲಿಯ ಸಂತ ತಾತಯ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದ. ಹಣೆಯಲ್ಲಿ ಬೆವರು ಸಾಲುಗಟ್ಟಿತು. ಬಸ್ಸು ಒಂದು ಹಳ್ಳಕ್ಕೆ ಇಳಿದು ಏರಿದಾಗ, ಇನ್ನು ಮಾನಕ್ಕೂ ತನಗೂ ಇರುವ ದೂರ ಒಂದು ಫರ್ಲಾಂಗು ಮಾತ್ರ ಎಂದು ಖಾತ್ರಿಯಾಯಿತು.

ಆದರೆ ನಮಸ್ಕಾರ ಹಾಕಿದ ಅಷ್ಟು ಜನರ ಮುಂದೆ ಏನೆಂದು ಹೇಳುವುದು? ಅವನು ದಸ್ತಗಿರ್ ಕಿವಿಯ ಹತ್ತಿರ ಬಾಯಿಟ್ಟ.

“ಕಂಡಕ್ಟ್ರೇ, ಬಸ್ ನಿಲ್ಲಿಸಿ. ನಮ್ಮನೆಯವಳು ಬಸುರಿ... ಸ್ವಲ್ಪ ಅರ್ಜೆಂಟು.”

ಸೀಟಿ ಮೊಳಗಿತು. ಗಂಗುಲಮ್ಮ “ನನಗೇನಾಗಿದೆ?” ಎಂದು ತಿರುಗುವಷ್ಟರಲ್ಲಿ ನಾಲ್ಕು ಜನ ಹೆಂಗಸರು ಅವಳ ರಟ್ಟೆ ಹಿಡಿದು ಕೆಳಗಿಳಿಸಿದ್ದರು. ಅವಳು ಕಂಡದ್ದು ಒಂದೇ ದೃಶ್ಯ: ನೀರಿನ ಬಾಟಲಿ ಹಿಡಿದ ತನ್ನ ಗಂಡ ಲಂಟಾನದ ಪೊದೆಗಳ ಕಡೆ ಬಾಣದಂತೆ ಹೋಗುತ್ತಿದ್ದ. ಅವಳಿಗೆ ಎಲ್ಲವೂ ತಿಳಿಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು ನಗು ಅಡಗಿಸಿಕೊಂಡಳು.

ಹೆಂಗಸರು ಅವಳನ್ನು ಹೊಂಗೆ ಮರದ ಕೆಳಗೆ ನಾಲ್ಕು ಹೆಜ್ಜೆ ನಡೆಸಿದರು. ಮುನಿಗಂಗಮ್ಮ ಬುಟ್ಟಿಯಿಂದ ಎಳೆಸೌತೆಕಾಯಿ ತೆಗೆದು ಹೋಳು ಮಾಡಿ ಕೊಟ್ಟಳು. ಅಜೀಜಾ ಎಂಬ ಹೆಂಗಸು ಅರ್ಧ ಬಾಳೆಹಣ್ಣು ತಿನ್ನಿಸಿದಳು. ಅಷ್ಟರಲ್ಲಿ ಚನ್ನಕೇಶವ ಹಗುರಾದ ಮುಖದಿಂದ ಬಂದ. “ಪಾಪ, ಗಂಡ ನೋಡಕ್ಕಾಗದೆ ದೂರ ಹೋಗಿದ್ದ” ಎಂದರು ಯಾರೋ.

ಎರಡು ಮೈಲಿ ಕಳೆಯಿತು. ಕೋನಪ್ಪನ ಅಜ್ಜಿ ಮತ್ತೆ ಎದ್ದಳು. ಮತ್ತೆ ಸೀಟಿ, ಮತ್ತೆ ಪೊದೆ. ಗಂಗುಲಮ್ಮನಿಗೆ ಈ ಸಲ ಒಂದು ಹಿಡಿ ಪುರಿ, ಅರ್ಧ ಲೋಟ ಮಜ್ಜಿಗೆ, ಇನ್ನಷ್ಟು ನಡಿಗೆ. ಅವಳು “ನನಗೇನೂ ಇಲ್ಲ ಕಣಮ್ಮ” ಎಂದರೆ ಕೇಳುವವರಾರು?

“ಮೊದಲ ಸಲ ಎಲ್ರೂ ಹಂಗೇ ಅಂತಾರೆ,” ಎಂದಳು ಮುನಿಗಂಗಮ್ಮ, ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು. “ಎರಡು ಕಿತ ಇಳಿಸಿದ್ರು ಅಂದ್ರೆ ಇದು ಬರೀ ಅರ್ಜೆಂಟಲ್ಲ. ನೋವು ಬಂದೈತೆ. ಹೇಳಕ್ಕೆ ನಾಚ್ಕೆ ಹುಡುಗಿಗೆ. ಏಮೀ ಕಾದು ಲೇಮ್ಮಾ, ಏನೂ ಆಗಲ್ಲ, ನಾನಿದೀನಿ.” ಆಮೇಲೆ ಬಸ್ಸು ಹತ್ತಿ ಡ್ರೈವರನಿಗೆ ಆಜ್ಞೆ ಮಾಡಿದಳು: “ಇನ್ನೆಲ್ಲೂ ನಿಲ್ಲಿಸಬ್ಯಾಡಪ್ಪ. ಸೀದಾ ಆಸ್ಪತ್ರೆಗೆ ಬಿಡು.”

ಡ್ರೈವರ್ ಹಾರನ್ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ. ಆ ಬಸ್ಸು ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಓಡಿರಲಿಲ್ಲ. ಸ್ಟಾಪುಗಳಲ್ಲಿ ಕೈಯೆತ್ತಿದ ಜನ ಎತ್ತಿದ ಕೈ ಇಳಿಸುವುದರೊಳಗೆ ಹಿಂದಾದರು. ಗಂಗುಲಮ್ಮನ ಬೆನ್ನಿಗೆ ದಿಂಬಿನಂತೆ ಯಾರದೋ ಶಾಲು ಬಂತು. ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಕಣ್ಣು ಮಾತ್ರ ಗಂಡನ ಮೇಲೆ.

ಚನ್ನಕೇಶವನ ಮುಖ ಹಿಪ್ಪುನೇರಳೆ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಮೂರನೆಯ ಅಲೆ ಹಿಂದಿನ ಎರಡಕ್ಕೂ ದೊಡ್ಡಪ್ಪ.

“ಡ್ರೈವರ್ ಸಾರ್, ಒಂದೇ ಒಂದು ನಿಮಿಷ ನಿಲ್ಲಿಸಿ.”

“ಹೆದರ್ಕೋಬೇಡಿ ಸಾರ್. ಇನ್ನು ಹತ್ತು ನಿಮಿಷ. ಹೆಂಡ್ತೀನ ಆಸ್ಪತ್ರೆ ಬಾಗಿಲಿಗೇ ಇಳಿಸ್ತೀನಿ.”

“ಹತ್ತು ನಿಮಿಷ ಆಗಲ್ಲ.”

“ಅವರು ತಡ್ಕೋತಾರೆ ಸಾರ್. ಹೆಣ್ಮಕ್ಕಳಿಗೆ ಶಕ್ತಿ ಜಾಸ್ತಿ,” ಎಂದು ದಸ್ತಗಿರ್ ಅವನ ಭುಜ ತಟ್ಟಿದ. ತಟ್ಟಬಾರದಿತ್ತು.

ಚನ್ನಕೇಶವ ಹೆಂಡತಿಯ ಕಡೆ ನೋಡಿದ. ಅವಳು ಮೆಲ್ಲಗೆ, “ಹೇಳ್ಬಿಡಿ. ನಾನೆಷ್ಟು ಹೊತ್ತು ಹೆರಲಿ?” ಎಂದಳು.

“ಅವಳಿಗಲ್ಲ,” ಎಂದ ಚನ್ನಕೇಶವ. ಯಾರಿಗೂ ಕೇಳಿಸಲಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ, ಹರಾಜಿನ ದನಿಯಲ್ಲಿ ಕೂಗಿದ: “ಅವಳಿಗಲ್ಲ ಕಣ್ರಪ್ಪಾ, ನನಗೆ. ಕಷಾಯ ಕುಡಿದಿದ್ದು ನಾನು.”

ಬಸ್ಸಿನವರ ಕಣ್ಣೆಲ್ಲ ಅವಳ ಹೊಟ್ಟೆಯಿಂದ ಅವನ ಹೊಟ್ಟೆಯ ಕಡೆ ತಿರುಗಿದವು. ಆಮೇಲೆ ಬ್ರೇಕು ಕೀರಿಟ್ಟಿತು.

ಇಲ್ಲಿ ನಮ್ಮ ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ನಕ್ಕರು, ಆದರೆ ಕೈಬಿಡಲಿಲ್ಲ. ಒಬ್ಬ ಚೊಂಬು ಕೊಟ್ಟ, ಇನ್ನೊಬ್ಬ ಟವಲ್ಲು ಕೊಟ್ಟ. ಪೊದೆಯಿಲ್ಲದ ಬಯಲು ನೋಡಿ ಮೂರನೆಯವನೊಬ್ಬ ತನ್ನ ಕೊಡೆಯನ್ನು ಬಿಚ್ಚಿಯೇ ಕಿಟಕಿಯಿಂದ ಚಾಚಿದ: “ಮರೆಗಿರಲಿ, ತಗೊಳ್ಳಿ ತೂಕದ ಸಾರ್.”

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಚನ್ನಕೇಶವ ಇನ್ನೂ ಒಂದು ಸಲ ಕೊಡೆಯ ಆಶ್ರಯ ಪಡೆದಿದ್ದ. ಬಾಗಿಲಲ್ಲಿ ಗಂಗುಲಮ್ಮನೇ ಅವನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು. ಅದು ಹೆರಿಗೆ ಆಸ್ಪತ್ರೆ. ಗಂಡಸರಿಗೆ ಹಾಸಿಗೆಯೇ ಇರಲಿಲ್ಲ. ವಾರ್ಡಿನ ಮೂಲೆಯಲ್ಲಿ ಖಾಲಿಯಿದ್ದ ಮಂಚಕ್ಕೆ ಪರದೆ ಎಳೆದು, ಅವನನ್ನು ಮಲಗಿಸಿ ಡ್ರಿಪ್ ಹಾಕಿದರು. ಎರಡೂ ಕಡೆ ಕೂಸುಗಳು ಅಳುತ್ತಿದ್ದವು.

ಡಾಕ್ಟರು ಕಷಾಯದ ವಿವರ ಕೇಳಿದರು. ನಗಲಿಲ್ಲ.

“ಇದನ್ನ ಇವರಿಗೆ ಕುಡಿಸಬೇಕು ಅಂತಿದ್ರಾ? ಸೋನಾಮುಖಿ, ಹರಳೆಣ್ಣೆ, ಅದೂ ಒಂದು ಲೋಟ? ಹರಳೆಣ್ಣೆಗೆ ನೋವೇ ಶುರುವಾಗಿಬಿಡಬಹುದು. ಐದು ತಿಂಗಳಿಗೆ ನೋವು ಬಂದ್ರೆ ಮಗು ಉಳಿಯಲ್ಲ ಕಣ್ರೀ.”

ಚನ್ನಕೇಶವ ಆ ಲೋಟವನ್ನು ಹಿಡಿದಿದ್ದ ಕೈಯನ್ನೇ ನೋಡುತ್ತ ಮಲಗಿದ.

ಡಾಕ್ಟರು ಗಂಗುಲಮ್ಮನನ್ನು ಪರೀಕ್ಷೆ ಮಾಡಿದರು. ಮಗು ಚೆನ್ನಾಗಿತ್ತು. “ಎದೆಯುರಿ?” ಎಂದು ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, “ಅಯ್ಯೋ, ಬೆಳಿಗ್ಗೆಯಿಂದ ಬಂದೇ ಇಲ್ಲ ಮೇಡಮ್” ಎಂದಳು.

“ಏನು ತಿಂದ್ರಿ?”

“ಒಂದು ಇಡ್ಲಿ. ಆಮೇಲೆ ಬಸ್ ನಿಂತಾಗೆಲ್ಲ ಒಂದಿಷ್ಟು. ಸೌತೆಕಾಯಿ, ಅರ್ಧ ಬಾಳೆಹಣ್ಣು, ಪುರಿ, ಮಜ್ಜಿಗೆ. ಪ್ರತಿ ಸಲಾನೂ ಒಂದಿಷ್ಟು ನಡೆಸಿದ್ರು.”

“ನಾನು ಹೇಳಿದ್ದೂ ಇದೇ ಅಲ್ವೇನಮ್ಮ,” ಎಂದ ಡಾಕ್ಟರು ಪರದೆಯ ಕಡೆ ತಿರುಗಿ, “ಕೇಳಿಸ್ತಾ?” ಎಂದರು. ಪರದೆಯ ಹಿಂದೆ ಕೇಳಿಸಿತ್ತು.

ಅವರು ಹೋದ ಮೇಲೆ ಗಂಗುಲಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಚನ್ನಕೇಶವ ಸೂರು ನೋಡುತ್ತ, “ನೀನು ನಿಮ್ಮಮ್ಮನ ಹತ್ರಾನೇ ಹೋಗು ಗಂಗೂ. ನನ್ನ ಕೈಲಿ ಬಿಟ್ರೆ ಏನು ಮಾಡ್ಬಿಡ್ತೀನೋ” ಎಂದ. ಅವಳ ಕಡೆ ಹೊರಳಿ, “ಆರು ವರ್ಷ ಆಯ್ತಲ್ಲ ಕಣೇ. ಸುಮ್ನೆ ಕೂತ್ರೆ ಏನೋ ತಪ್ಪಿಹೋಗುತ್ತೆ ಅನ್ನೋ ಭಯ” ಎಂದು ಸೇರಿಸಿದ.

“ನನಗೂ ಭಯಾನೇ ರೀ. ಅದಕ್ಕೇ ಡಾಕ್ಟರಮ್ಮ ಹೇಳಿದ್ದು ಬಿಟ್ಟು ಬೇರೇದು ಮುಟ್ಟಲ್ಲ ಅಂದಿದ್ದು.” ಅವನ ಹಣೆಯ ಬೆವರು ಒರೆಸಿದಳು. “ಏಳನೇ ತಿಂಗಳಿಗೇ ಹೋಗ್ತೀನಿ. ಅಪ್ಪಂಗೆ ಕಾಗದ ಬರೀತೀನಿ. ನೀವು ನನ್ನ ಹಿಂದೆ ಓಡೋದು ಬಿಟ್ಟು ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು.”

ಎರಡು ಬಾಟಲಿ ಡ್ರಿಪ್ ಇಳಿಯುವವರೆಗೆ ಚನ್ನಕೇಶವ ಒಂದೇ ಕಡೆ ಇದ್ದ. ಅವನ ಆಯುಸ್ಸಿನಲ್ಲಿ ಅದೇ ಮೊದಲು.

ಸಂಜೆ ಶಿಡ್ಲಘಟ್ಟಕ್ಕೆ ವಾಪಸು ಹೊರಟಾಗ ಬೇರೆ ಬಸ್ಸು, ಬೇರೆ ಜನ. ಗಂಗುಲಮ್ಮ ಗಂಡನನ್ನು ಕಿಟಕಿಯ ಪಕ್ಕ ಕೂರಿಸಿ, ಗಾಳಿ ತಾಗದಂತೆ ಕಿವಿ ಮುಚ್ಚಿ ಟವಲ್ಲು ಸುತ್ತಿ, ತನ್ನ ಸೆರಗಿನಿಂದ ಅವನ ಮುಖ ಒರೆಸುತ್ತಿದ್ದಳು. ಅವನು ಸೊರಗಿದ ಮುಖ ಹೊತ್ತು, ಗ್ಲೂಕೋಸ್ ನೀರಿನ ಬಾಟಲಿಯನ್ನು ಎದೆಗವಚಿಕೊಂಡು, ಅವಳ ಭುಜಕ್ಕೆ ಒರಗಿದ್ದ. ಎದುರಿನ ಸೀಟಿನ ಅಜ್ಜಿಯೊಬ್ಬಳು ಬಹಳ ಹೊತ್ತು ಇಬ್ಬರನ್ನೂ ನೋಡಿ, ಗಂಗುಲಮ್ಮನ ಹೊಟ್ಟೆಯ ಕಡೆ ಕಣ್ಣು ಮಾಡಿ ಕೇಳಿದಳು.

“ಎಷ್ಟು ತಿಂಗಳಮ್ಮ?”

“ನನಗೆ ಐದು ಕಣಜ್ಜಿ,” ಎಂದಳು ಗಂಗುಲಮ್ಮ, ಟವಲ್ಲನ್ನು ಇನ್ನೊಂದಿಷ್ಟು ಬಿಗಿ ಮಾಡುತ್ತ. “ಇವರದು ಬೆಳಿಗ್ಗೆ ಆಯ್ತು.”